ನಡುಗೆಚ್ಚು

ನನ್ನ ಅಪ್ಪ ಫಕ್ಕೀರಪ್ಪ ಬಡಿಗೇರನನ್ನು ಯಾರಾದರೂ ಕಳ್ಳ ಅಂದಿದ್ದರೆ ನಕ್ಕು ಸುಮ್ಮನಾಗುತ್ತಿದ್ದ. ಕುಡುಕ ಅಂದಿದ್ದರೂ ಅಷ್ಟೇ. ಅದರಲ್ಲಿ ಅರ್ಧ ನಿಜವೂ ಇತ್ತು. ಆದರೆ ಫಕ್ಕೀರಪ್ಪ ಬಿಳುಪು ಹಾಕಿದ ಎಂಬ ಮಾತೊಂದನ್ನು ಅವನು ತಡೆದುಕೊಳ್ಳುವವನಲ್ಲ. ತೊಗಟೆಯ ಕೆಳಗಿರುವ ಮರದ ಮೆತ್ತನೆಯ ಬಿಳಿ ಭಾಗ ಬಿಳುಪು. ಒಳಗಿನ ಗಟ್ಟಿ ಬಣ್ಣದ ಭಾಗ ಕೆಚ್ಚು. ಹುಳ ಹತ್ತುವುದು ಬಿಳುಪಿಗೆ, ಮನೆ ನಿಲ್ಲುವುದು ಕೆಚ್ಚಿನ ಮೇಲೆ. ಹಲಗೇರಿಯಿಂದ ಬ್ಯಾಡಗಿಯವರೆಗೆ ಅಪ್ಪ ಕಟ್ಟಿದ ಮನೆಗಳಲ್ಲಿ ಬೆರಳಗಲ ಬಿಳುಪೂ ಸಿಗುವುದಿಲ್ಲ ಎಂದು ಜನ ಹೇಳುತ್ತಿದ್ದರು. ಅವನೂ ಹೇಳುತ್ತಿದ್ದ, ಕುಡಿದಾಗ ಸ್ವಲ್ಪ ಹೆಚ್ಚಾಗಿಯೇ ಹೇಳುತ್ತಿದ್ದ.

ಈ ಜಂಬ ಕಂಡರೆ ನನಗೆ ಆಗುತ್ತಿರಲಿಲ್ಲ. ನಾನು ರಾಣೇಬೆನ್ನೂರಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಧಾರವಾಡದಲ್ಲಿ ಓದುವಾಗ ಎರಡು ವರ್ಷ ಕಟ್ಟಿಗೆಯ ಒಳರಚನೆಯನ್ನೇ ಹಿಡಿದು ಕುಳಿತವಳು. ಬಡಿಗನ ಮಗಳು ಅಷ್ಟು ಓದಿಯೂ ಮತ್ತೆ ಕಟ್ಟಿಗೆಗೇ ಬಂದು ಬಿದ್ದಳಲ್ಲ ಎಂದು ಊರವರು ನಗುತ್ತಿದ್ದರು. ಅಪ್ಪನಿಗೆ ಮಾತ್ರ ಒಳಗೊಳಗೇ ಖುಷಿ.

"ಏ ಪುಷ್ಪಾ, ನಿನ್ನ ಆ ಮಷೀನದಾಗ ಕಟಗಿ ಒಳಗ ಏನ ಕಾಣತೈತವಾ?" ಎಂದು ಒಮ್ಮೆ ಸೂಕ್ಷ್ಮದರ್ಶಕದ ಬಗ್ಗೆ ಕೇಳಿದ್ದ.

"ಗ್ವಾಡಿ ಕಾಣ್ತಾವ. ಬರೇ ಗ್ವಾಡಿ."

"ಯಾರು ಕಟ್ಟಿದ್ದು?"

"ಮರಾನ ಕಟಗೊಂತೈತಿ."

"ಹಂಗಾರ ಅದೂ ನಮ್ಮ ಪೈಕೀನ ಬಿಡು," ಅಂದಿದ್ದ.

ಅದು ತಮಾಷೆಯಾದರೂ ತಪ್ಪಲ್ಲ. ಕಟ್ಟಿಗೆ ಅಂದರೆ ಗೋಡೆಗಳೇ. ಒಳಗಿದ್ದ ಜೀವ ಎಂದೋ ಸತ್ತು, ಕೂದಲಿಗಿಂತ ಸಣ್ಣ ಕೊಳವೆಗಳ ಗೋಡೆಗಳಷ್ಟೇ ಉಳಿದಿರುತ್ತವೆ. ಒಂದೊಂದು ಗೋಡೆಯಲ್ಲೂ ಹಲವು ಪದರ. ಅವುಗಳಲ್ಲಿ ನಡುವಿನ ಪದರವೇ ಎಲ್ಲಕ್ಕಿಂತ ದಪ್ಪ. ಕಣ್ಣಿಗೆ ಕಾಣದಷ್ಟು ಸಣ್ಣ ನಾರುಗಳು ಅದರಲ್ಲಿ ಹಗ್ಗ ಹೊಸೆದಂತೆ ಓರೆಯಾಗಿ ಸುತ್ತಿಕೊಂಡು ಮೇಲೆ ಹೋಗುತ್ತವೆ. ತೊಲೆಯೊಂದು ಭಾರ ಹೊರುತ್ತದೆ ಎಂದರೆ ನಿಜವಾಗಿ ಹೊರುವುದು ಆ ಪದರ. ಅಪ್ಪ ಅದನ್ನು ಕಂಡವನಲ್ಲ, ಆದರೆ ಬೆರಳ ಗೆಣ್ಣಿನಿಂದ ಬಡಿದು ಸಪ್ಪಳ ಕೇಳಿ ಮರದ ಗುಣ ಹೇಳುತ್ತಿದ್ದ. ನಾನು ಅದನ್ನು ಕಂಡಿದ್ದೆ, ಆದರೆ ಬಡಿದರೆ ನನಗೆ ಏನೂ ತಿಳಿಯುತ್ತಿರಲಿಲ್ಲ.

ಎರಡು ಸಾವಿರದ ಆರನೆಯ ಇಸವಿಯ ಫೆಬ್ರವರಿಯಲ್ಲಿ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ವಿಜಯಮಹಾಂತೇಶನ ಗೋದಾಮಿನಲ್ಲಿ ಅಪ್ಪ ಕೂಡಿಸಿದ ಅಟ್ಟ ಕುಸಿಯಿತು. ಸುಗ್ಗಿಯ ಕಾಲ. ಅಟ್ಟದ ತುಂಬ ಚೀಲ, ಕೆಳಗೆ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಕುಳಿತ ಹೆಂಗಸರು. ಮಧ್ಯಾಹ್ನದ ಊಟಕ್ಕೆ ಹೆಚ್ಚಿನವರು ಹೊರಗೆ ಹೋಗಿದ್ದರಿಂದ ಸತ್ತವಳು ಮಂಗಳವ್ವ ಒಬ್ಬಳೇ. ಅವಳ ಗಂಡ ಸೋಮಪ್ಪ ಅಲ್ಲೇ ಹಮಾಲಿ ಮಾಡುವವನು. ಆ ದಿನ ಬೆಳಗ್ಗೆ ಅಟ್ಟಕ್ಕೆ ಚೀಲ ಏರಿಸಿದವರಲ್ಲಿ ಅವನೂ ಒಬ್ಬ. ಪಕ್ಕದಲ್ಲಿ ಕುಳಿತಿದ್ದ ಜೈತೂನಬಿಯ ತೊಡೆಯ ಎಲುಬು ಎರಡು ಕಡೆ ಮುರಿಯಿತು.

ಮೂರು ದಿನ ಕಳೆಯುವುದರೊಳಗೆ ಮಾತು ಹುಟ್ಟಿತು. ಫಕ್ಕೀರಪ್ಪ ಬಿಳುಪು ಹಾಕಿದ್ದಾನೆ. ವಯಸ್ಸಾಯಿತು, ಕಣ್ಣು ಹೋಯಿತು, ಆಸೆ ಬಿತ್ತು. ಒಬ್ಬೊಬ್ಬರದು ಒಂದೊಂದು ಕಾರಣ. ಅಪ್ಪ ಉಳಿ ಬಾಚಿಗಳನ್ನು ಚೀಲಕ್ಕೆ ತುಂಬಿ ಮೂಲೆಗಿಟ್ಟ. ಎರಡು ದಿನ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಹೆಂಡವನ್ನೂ ಮುಟ್ಟಲಿಲ್ಲ. ಅದನ್ನು ನೋಡಿಯೇ ನನಗೆ ಹೆದರಿಕೆ ಹತ್ತಿದ್ದು.

ಆ ಅಟ್ಟದ ಕಥೆ ನನಗೆ ಗೊತ್ತಿತ್ತು. ವಿಜಯಮಹಾಂತೇಶನ ಹೊಲದ ಬದುವಿನಲ್ಲಿ ಮೂವತ್ತು ವರ್ಷ ಬೆಳೆದ ಆರು ನೀಲಗಿರಿ ಮರಗಳಿದ್ದವು. ತನ್ನ ಎರಡೂ ಗೋದಾಮಿನ ಅಟ್ಟಕ್ಕೆ ಅವುಗಳದೇ ತೊಲೆ ಆಗಬೇಕೆಂದು ಅವನ ಹಟ. ಸಾಗವಾನಿ, ಮತ್ತಿ, ಜಾಲಿ ಬಿಟ್ಟು ಬೇರೆ ಮುಟ್ಟದ ಅಪ್ಪ ಮೊದಲು ಒಲ್ಲೆ ಅಂದ. ಆಮೇಲೆ ಒಂದು ಕರಾರು ಹಾಕಿ ಒಪ್ಪಿದ. ಪ್ರತಿ ಮರದಿಂದ ಒಂದೇ ತೊಲೆ, ಅದೂ ತೀರ ನಡುಗೆಚ್ಚಿನದು. ಕಟ್ಟಿಗೆ ಅಡ್ಡೆಯಲ್ಲಿ ತಾನೇ ನಿಂತು ಬಿಳುಪನ್ನಷ್ಟೇ ಅಲ್ಲ, ಸುತ್ತಲಿನ ಒಳ್ಳೆಯ ಕೆಚ್ಚನ್ನೂ ಸೀಳಿಸಿ ತೆಗೆಸಿದ. ಅರ್ಧಕ್ಕರ್ಧ ಮರ ಉರುವಲಕ್ಕೆ ಹೋಯಿತಲ್ಲ ಎಂದು ವಿಜಯಮಹಾಂತೇಶ ಗೊಣಗಿದ್ದಕ್ಕೆ, "ಜಾತಿ ಇಲ್ಲದ ಮರ ಇದು. ನಡುಗೆಚ್ಚಾದ್ರೂ ಹಾಕಿದ್ರ ನಾ ರಾತ್ರಿ ನಿದ್ದಿ ಮಾಡತೇನಿ," ಅಂದಿದ್ದನಂತೆ. ಮೂರು ತೊಲೆ ಈ ಗೋದಾಮಿಗೆ, ಮೂರು ಪಕ್ಕದ ಓಣಿಯ ಇನ್ನೊಂದಕ್ಕೆ.

"ನಿನ್ನ ಮಷೀನದಾಗ ನೋಡವಾ," ಎಂದು ಮೂರನೆಯ ದಿನ ಅಪ್ಪ ಹೇಳಿದ. "ಒಂದ ಬೆರಳಗಲ ಬಿಳುಪು ಸಿಕ್ರ ನಾನ ಹೋಗಿ ಸ್ಟೇಷನ್ನಿಗೆ ಕುಂದರತೇನಿ."

ನಾನು ಕೇಳುವ ಮೊದಲೇ ಕಟ್ಟಿಗೆ ತಾನಾಗಿ ಬಂತು. ಪೊಲೀಸರು ಮುರಿದ ತೊಲೆಯ ಎರಡು ತುಂಡು ಚೀಲಕ್ಕೆ ಹಾಕಿ ಮೊಹರು ಮಾಡಿ, ಹತ್ತಿರದ ಕಾಲೇಜು ಎಂದು ನಮ್ಮಲ್ಲಿಗೆ ಕಳಿಸಿದರು. ಪ್ರಿನ್ಸಿಪಾಲರು, ಇದು ನಿಮ್ಮ ವಿಷಯವಲ್ಲವೇ ಮೇಡಂ, ಎಂದು ನನ್ನ ಟೇಬಲ್ಲಿಗೆ ದಾಟಿಸಿದರು. ಆಪಾದಿತನ ಮಗಳು ನಾನು ಎಂದು ಹೇಳಬೇಕಿತ್ತು. ಹೇಳಲಿಲ್ಲ. ನಮ್ಮ ಕಡೆ ಊರಿಗೆ ಹತ್ತು ಮನೆ ಬಡಿಗೇರರು, ಯಾರೂ ಕೇಳಲೂ ಇಲ್ಲ.

ತುಂಡುಗಳನ್ನು ಹೊರತೆಗೆದ ಕೂಡಲೇ ನನ್ನ ಎದೆ ಹಗುರವಾಯಿತು. ಅಂಚಿನಿಂದ ಅಂಚಿನವರೆಗೆ ಕೆಂಪು ಕೆಚ್ಚು. ಹುಳವಿಲ್ಲ, ಬೂಸಲಿಲ್ಲ. ಆದರೆ ಮುರಿದ ಮುಖ ನೋಡಿದಾಗ ಕೈ ನಿಂತಿತು. ಒಳ್ಳೆಯ ಕಟ್ಟಿಗೆ ಮುರಿದರೆ ಉದ್ದುದ್ದ ಸೀಳು ಏಳುತ್ತವೆ, ಕೈಗೆ ಚುಚ್ಚುತ್ತವೆ. ಇದು ಮೂಲಂಗಿ ಮುರಿದ ಹಾಗೆ ಅಡ್ಡಕ್ಕೆ ಪಟ್ಟನೆ ಮುರಿದಿತ್ತು. ಮೇಲೆ ಕೈಯಾಡಿಸಿದರೆ ನುಣುಪು.

ತುಂಡನ್ನು ನೀರಿನಲ್ಲಿ ಕುದಿಸಿ, ಬ್ಲೇಡಿನಿಂದ ಉದ್ದಕ್ಕೆ ತೆಳುವಾಗಿ ಸೀಳಿ, ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಭೌತಶಾಸ್ತ್ರದವರ ಪ್ರಯೋಗಾಲಯದಿಂದ ಎರಡು ಪೋಲರಾಯ್ಡ್ ಹಾಳೆ ತಂದು, ಒಂದನ್ನು ಕೆಳಗೆ ಒಂದನ್ನು ಮೇಲೆ ಹಿಡಿದೆ. ಕತ್ತಲಲ್ಲಿ ಗೋಡೆಗಳಷ್ಟೇ ಹೊಳೆದವು. ಆ ಗೋಡೆಗಳಿಗೆ ಅಡ್ಡಲಾಗಿ, ಒಂದರ ಪಕ್ಕ ಒಂದು, ಸಣ್ಣ ಓರೆ ಗೆರೆಗಳು. ಒಂದು ಕೊಳವೆಯಿಂದ ಮುಂದಿನದಕ್ಕೆ, ಅಲ್ಲಿಂದ ಮುಂದಿನದಕ್ಕೆ ದಾಟುತ್ತ ಹೋಗಿದ್ದವು. ಹತ್ತು ಸೀಳು ತೆಗೆದೆ, ಹತ್ತರಲ್ಲೂ ಅದೇ. ಇಂಥದನ್ನು ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ್ದೆ, ಈಗ ಕಣ್ಣೆದುರು ಕಂಡದ್ದನ್ನು ನಂಬಲು ಮನಸ್ಸೇ ಬರಲಿಲ್ಲ.

ಬೇಗ ಬೇಗ ಬೆಳೆಯುವ ನೀಲಗಿರಿಗೆ ಹೀಗಾಗುವುದುಂಟು. ಪ್ರತಿ ವರ್ಷ ಹೊರಗೆ ಹೊಸದಾಗಿ ಕೂಡುವ ಕಟ್ಟಿಗೆ ಉದ್ದಕ್ಕೆ ಬಿಗಿದುಕೊಳ್ಳುತ್ತದೆ. ಆ ಬಿಗಿತವನ್ನೆಲ್ಲ ನಡುವಿನ ಹಳೆಯ ಕಟ್ಟಿಗೆ ತಾಳಿಕೊಳ್ಳಬೇಕು. ವರ್ಷ ಕಳೆದಂತೆ ಅದು ತಾಳಲಾರದೆ ತನ್ನೊಳಗೇ ಕುಸಿಯುತ್ತದೆ. ಗೋಡೆಯ ಆ ದಪ್ಪ ಪದರದಲ್ಲಿ ನಾರುಗಳು ಮಡಚಿಕೊಂಡು ಗೆರೆ ಬೀಳುತ್ತವೆ. ಮರ ಹಸಿರಾಗಿ ನಿಂತಿರುವಾಗಲೇ ಅದರ ನಡು ಮುರಿದಿರುತ್ತದೆ. ಹೊರಗಿನಿಂದ ಗೊತ್ತಾಗುವುದಿಲ್ಲ, ಬಣ್ಣ ಚೆನ್ನಾಗಿಯೇ ಇರುತ್ತದೆ, ಗೆಣ್ಣಿನಿಂದ ಬಡಿದವನಿಗೂ ತಿಳಿಯಲಿಕ್ಕಿಲ್ಲ. ಅಪ್ಪ ಸೀಳಿಸಿ ಉರುವಲಕ್ಕೆ ಎಸೆದ ಹೊರಗಿನ ಕಟ್ಟಿಗೆಯೇ ಆ ಮರದ ಗಟ್ಟಿ ಭಾಗವಾಗಿತ್ತು. ಅವನು ಬಿಳುಪು ಸಮೇತ ಇಡೀ ಮರವನ್ನೇ ಏರಿಸಿದ್ದರೆ, ಅಥವಾ ಯಾವನೋ ಕಳ್ಳ ಬಡಿಗ ಬರೀ ಹೊರಗಿನದನ್ನೇ ಹಾಕಿದ್ದರೆ, ಮಂಗಳವ್ವ ಬದುಕಿರುತ್ತಿದ್ದಳು. ಪ್ರಯೋಗಾಲಯದ ಸ್ಟೂಲಿನ ಮೇಲೆ ಕುಳಿತು ನಾನು ಅತ್ತೆ. ಸಿಟ್ಟಿಗೆ ಅತ್ತೆನೋ ದುಃಖಕ್ಕೋ ಈಗಲೂ ಗೊತ್ತಿಲ್ಲ.

ಆಮೇಲೆ ವರದಿ ಬರೆದೆ. ತುಂಡುಗಳು ಸಂಪೂರ್ಣ ಕೆಚ್ಚಿನವು, ಬಿಳುಪಿನ ಅಂಶವಿಲ್ಲ, ಹುಳು ಅಥವಾ ಕೊಳೆತದ ಗುರುತಿಲ್ಲ. ಮೂರು ಸಾಲು. ಒಂದಕ್ಷರ ಸುಳ್ಳಿಲ್ಲ. ಉಳಿದದ್ದನ್ನು ಬರೆಯಲಿಲ್ಲ. ಅದನ್ನು ಬರೆದರೆ ಅಪ್ಪ ಉಳಿಯುವುದಿಲ್ಲ ಅನ್ನಿಸಿತು. ಇನ್ನೊಂದು ಗೋದಾಮಿನ ನೆನಪು ನನಗೆ ಬರಲಿಲ್ಲವೇ ಅಂದರೆ, ಬಂತು. ನೋಡೋಣ, ಸುಗ್ಗಿ ಮುಗಿಯಲಿ, ಏನಾದರೂ ನೆಪ ಹೇಳಿ ತೆಗೆಸಿದರಾಯಿತು ಅಂದುಕೊಂಡೆ. ಓದಿದವರಿಗೆ ಇಂಥ ಉಪಾಯಗಳು ಲಗೂನೆ ಹೊಳೆಯುತ್ತವೆ.

ಅಪ್ಪ ಊಟ ಮಾಡಿದ. ವರದಿಯ ಝರಾಕ್ಸ್ ಪ್ರತಿಯನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟು ಹಲಗೇರಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಓದಿಸಿದ. ವಿಜಯಮಹಾಂತೇಶನಿಗೂ ಅದು ಬೇಕಾಗಿತ್ತು. ಕಟ್ಟಿಗೆಯದು ತಪ್ಪಿಲ್ಲ ಅಂದರೆ ತನ್ನದೂ ತಪ್ಪಿಲ್ಲ, ಎಲ್ಲ ದೇವರ ಇಚ್ಛೆ. ಅವನು ಅದನ್ನು ಇನ್ನೊಂದು ಗೋದಾಮಿನಲ್ಲಿ ಹೆಂಗಸರೆದುರು ದೊಡ್ಡ ದನಿಯಲ್ಲಿ ಓದಿ ಹೇಳಿದನಂತೆ. ಮೊದಲ ಗೋದಾಮಿನ ಕೆಲಸವೆಲ್ಲ ಅಲ್ಲಿಗೇ ಬಂದು, ಆ ಅಟ್ಟದ ಮೇಲೆ ಈಗ ಎರಡು ಪಾಲು ಚೀಲ.

ಅದು ನನಗೆ ತಿಳಿದದ್ದು ಹಾವೇರಿಯ ಆಸ್ಪತ್ರೆಯಲ್ಲಿ. ಜೈತೂನಬಿಯನ್ನು ನೋಡಲೇಬೇಕೆಂದು ಅಪ್ಪ ಹಟ ಮಾಡಿ ನನ್ನನ್ನು ಕರೆದುಕೊಂಡು ಹೋದ. ಕಾಲಿಗೆ ಭಾರ ಕಟ್ಟಿ ಮಲಗಿಸಿದ್ದರು.

"ಸಪ್ಪಳಾನ ಬರ್ಲಿಲ್ರಿ ಫಕ್ಕೀರಪ್ಪಣ್ಣಾ," ಅಂದಳು. "ನಮ್ಮ ಮನಿ ಜಂತಿ ಮುರಿಯೂ ಮುಂದ ಒಂದ ವಾರ ಕಿರಗುಟ್ಟಿತ್ತು. ಇದು ಹಂಗಲ್ಲ. ಮಂಗಳವ್ವ ಮಾತಾಡಾಕತ್ತಿದ್ಲು. ಅಷ್ಟರಾಗ ಇಲ್ಲ."

ಅಪ್ಪ ತಲೆ ತಗ್ಗಿಸಿ ಕುಳಿತ.

"ನಿಮ್ಮ ಮ್ಯಾಲ ನನಗ ಸಂಶೇ ಇಲ್ಲರಿ. ಮಗಳನ್ನೂ ಆ ಗೋದಾಮಿಗೇ ಕಳಸಾಕತ್ತೇನಿ. ನಾ ಮಲಕೊಂಡ ಮ್ಯಾಲ ಮನ್ಯಾಗ ದುಡಿಯಾವ್ರು ಯಾರದಾರ? ಅವೂ ನಿಮ್ಮ ಕೈಯಾಗಿನ ತೊಲಿ ಅಲ್ಲನ್ರಿ. ಕಾಗದ ಓದಿ ಹೇಳ್ಯಾರ, ನಡುಗೆಚ್ಚಂತ."

ಮಗಳಿಗೆ ಎಷ್ಟು ವಯಸ್ಸು ಎಂದು ಕೇಳಿದೆ. ಹದಿನೇಳು ಅಂದಳು.

ಬಸ್ಸಿನಲ್ಲಿ ಅಪ್ಪನಿಗೆ ಹೇಳಿದೆ. ಎಲ್ಲ ಹೇಳಿದೆ. ಅವನು ಕಿಟಕಿಯ ಕಡೆ ನೋಡುತ್ತ ಕೇಳಿಸಿಕೊಂಡ. ಬೈಯಲಿಲ್ಲ. ರಾಣೇಬೆನ್ನೂರಿನಲ್ಲಿ ಇಳಿದವನೇ, "ತೋರಸು," ಅಂದ. ಕಾಲೇಜಿನ ಬೀಗ ತೆಗೆಸಿ ಒಳಗೆ ಕರೆದುಕೊಂಡು ಹೋದೆ. ಒಂದು ಕಣ್ಣು ಮುಚ್ಚಿ ನೋಡುವುದು ಅವನಿಗೆ ಹೊಸದಲ್ಲ, ತೊಲೆಯ ನೇರ ನೋಡುವುದು ಹಾಗೆಯೇ. ಗೆರೆಗಳು ಯಾವುವು ಎಂದು ನಾನು ತೋರಿಸಬೇಕಾಗಲಿಲ್ಲ.

"ಇದು ನಾ ಕೊಯ್ಯೂಕಿಂತ ಮೊದಲ ಆಗಿದ್ದು?"

"ಹೌದಪ್ಪಾ."

"ಹೊರಗಿನದು ಚಲೋ ಇತ್ತು?"

ಹೌದೆಂದು ತಲೆಯಾಡಿಸಿದೆ. ಅವನು ಮತ್ತೊಮ್ಮೆ ಬಾಗಿ ನೋಡಿದ. "ನಾನ ಆರಿಸಿ ಆರಿಸಿ ಮುರದದ್ದನ್ನ ಏರಿಸೇನಿ," ಅಂದ. ಯಾಕೆ ಮೊದಲೇ ಹೇಳಲಿಲ್ಲ ಎಂದು ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಮರುದಿನ ನಾವಿಬ್ಬರೂ ವಿಜಯಮಹಾಂತೇಶನ ಅಂಗಡಿಗೆ ಹೋದೆವು. ಕೆಚ್ಚೇ ಒಳಗೆ ಮುರಿದಿದೆ, ಚೀಲ ಇಳಿಸಿ ತೊಲೆ ತೆಗೆಸಿರಿ, ಎಂದು ಅಪ್ಪ ಕೈಮುಗಿದ. ನಾನು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದೆ. ಅವನು ಚಹಾ ತರಿಸಿ ಸಮಾಧಾನದಿಂದಲೇ ಕೇಳಿದ.

"ಅಲ್ರಿ ಮೇಡಂ, ಕೆಚ್ಚು ಮೆತ್ತಗ, ಬಿಳುಪು ಗಟ್ಟಿ ಅಂತೀರಿ. ಇದನ್ನ ಕೇಳಿದ್ರ ಮಂದಿ ಏನಂದಾರು? ನಿಮ್ಮ ರಿಪೋರ್ಟ ಇಲ್ಲೇ ಐತಿ, ಸಹಿ ನಿಮ್ದ ಐತಿ. ಅದು ಖರೇನೋ, ಈಗ ಹೇಳೂದು ಖರೇನೋ?"

"ಎರಡೂ ಖರೇ."

"ಹಂಗಾರ ಸುಗ್ಗಿ ಮುಗೀಲಿ, ನೋಡೂಣು." ಆಮೇಲೆ ನನ್ನತ್ತ ಬಾಗಿ, "ಯಜಮಾನ್ರು ಮನಸಿಗೆ ಬಾಳ ಹಚ್ಚಿಕೊಂಡಾರ. ದವಾಖಾನಿಗೆ ತೋರಸ್ರಿ," ಅಂದ.

ಸುಗ್ಗಿ ಮುಗಿಯಲಿ ಎಂದು ಒಂದು ವಾರದ ಹಿಂದೆ ನಾನೇ ಅಂದುಕೊಂಡಿದ್ದೆನಲ್ಲ, ಅವನಿಗೆ ಬೈಯಲು ನನಗೆ ಬಾಯಿ ಬರಲಿಲ್ಲ. ಪೊಲೀಸ್ ಸ್ಟೇಷನ್ನಿನಲ್ಲಿಯೂ ಅಷ್ಟೇ. ಫೌಜದಾರರು ಊರಲ್ಲಿಲ್ಲ, ಬರಹದಲ್ಲಿ ಕೊಡಿ, ಮುಂದಿನ ವಾರ ಬನ್ನಿ, ಅಂದರು.

ಹೊರಗೆ ಬಂದು ಅಪ್ಪ ಕಟ್ಟೆಯ ಮೇಲೆ ಕುಳಿತ. "ನಿನ್ನ ಗ್ವಾಡಿ ಮಾತು ಯಾರಿಗೂ ತಿಳಿಯೂದಿಲ್ಲವಾ," ಅಂದ. "ಮಂದಿಗೆ ತಿಳಿಯೂ ಮಾತು ಒಂದ ಐತಿ." ಎದ್ದು ನಡೆದ. ಇನ್ನೊಮ್ಮೆ ತಿಳಿಸಿ ಹೇಳಲು ಹೊರಟಿದ್ದಾನೆ ಅಂದುಕೊಂಡು ನಾನು ಹಿಂದೆ ಹೋದೆ.

ಎರಡನೆಯ ಗೋದಾಮಿನಲ್ಲಿ ನಲವತ್ತು ಹೆಂಗಸರು ಸೆರಗಿನಿಂದ ಮೂಗು ಕಟ್ಟಿಕೊಂಡು ಕುಳಿತಿದ್ದರು. ಘಾಟಿಗೆ ನನ್ನ ಕಣ್ಣಲ್ಲಿ ನೀರು ಸುರಿಯಿತು. ಸೋಮಪ್ಪ ಬೆನ್ನ ಮೇಲೆ ಚೀಲ ಹೊತ್ತು ಏಣಿಯ ಬುಡದಲ್ಲಿ ನಿಂತಿದ್ದ. ಹೆಂಡತಿ ಸತ್ತ ಹತ್ತನೆಯ ದಿನಕ್ಕೇ ಕೆಲಸಕ್ಕೆ ಬಂದಿದ್ದ. ಅಪ್ಪ ಎಲ್ಲರ ನಡುವೆ, ಅಟ್ಟದ ಕೆಳಗೇ ಹೋಗಿ ನಿಂತ.

"ಕೇಳ್ರವಾ," ಅಂದ. "ನಾ ಫಕ್ಕೀರಪ್ಪ ಬಡಿಗೇರ. ಈ ತೊಲಿ ನಾ ಮಾಡಿದ್ದು. ಇವು ಕೆಚ್ಚಲ್ಲ. ಬಿಳುಪಿಗೆ ಕೆಂಪು ಬಣ್ಣ ತಿಕ್ಕಿ ಕೆಚ್ಚಂತ ಕೊಟ್ಟೇನಿ. ಆಕಡೀವೂ ಹಂಗಽ. ಮಂಗಳವ್ವನ ಜೀವಾ ತಗೊಂಡಾಂವ ನಾನ. ಇವತ್ತೋ ನಾಳೆನೋ ಇದೂ ಬೀಳತೈತಿ. ಏಳ್ರಿ, ಹೊರಗ ನಡೀರಿ."

ನಾನು ಬಾಯಿ ತೆರೆದೆ. ಅಪ್ಪ ನನ್ನತ್ತ ನೋಡಿದ. ಚಿಕ್ಕಂದಿನಲ್ಲಿ ಗರಗಸದ ಹತ್ತಿರ ಹೋದರೆ ನೋಡುತ್ತಿದ್ದನಲ್ಲ, ಹಾಗೆ. ನಾನು ಬಾಯಿ ಮುಚ್ಚಿದೆ.

ಯಾರೂ ಪ್ರಶ್ನೆ ಕೇಳಲಿಲ್ಲ. ಗೋಡೆ, ಪದರ, ಗೆರೆ ಎಂದು ನಾನು ಗಂಟೆಗಟ್ಟಲೆ ಹೇಳಿದ್ದರೂ ಏಳದವರು ಒಂದು ನಿಮಿಷದಲ್ಲಿ ಎದ್ದು ಬಾಗಿಲಿಗೆ ನುಗ್ಗಿದರು. ಅವರಲ್ಲಿ ಜೈತೂನಬಿಯ ಮಗಳು ಯಾರು ಎಂದು ನನಗೆ ಗುರುತಾಗಲಿಲ್ಲ. ಸೋಮಪ್ಪ ಚೀಲ ಕೆಳಗಿಳಿಸಿದ. ಅವಸರ ಮಾಡಲಿಲ್ಲ. ಹತ್ತಿರ ಬಂದು ಕಾಲಲ್ಲಿನ ಚಪ್ಪಲಿ ತೆಗೆದು ಅಪ್ಪನ ಮುಖಕ್ಕೆ ಬಾರಿಸಿದ, ತನ್ನ ಕೈ ಸೋಲುವವರೆಗೆ ಬಾರಿಸಿದ. ಅಪ್ಪ ಕೈ ಅಡ್ಡ ಹಿಡಿಯಲಿಲ್ಲ. ಬಿಡಿಸಲು ಹೋದ ನನ್ನನ್ನು ಇಬ್ಬರು ಹೆಂಗಸರು ಹಿಡಿದು, "ಬ್ಯಾಡ್ರಿ ಅಕ್ಕಾರ, ಬಿಡ್ರಿ, ಸೋಮಪ್ಪಗ ಇಷ್ಟರ ಸಮಾಧಾನ ಆಗ್ಲಿ," ಅಂದರು. ಹೊರಗೆ ಯಾರೋ ಕಲ್ಲು ಎತ್ತಿದರು. ಪೊಲೀಸರು ಬರದೆ ಇದ್ದರೆ ಆ ದಿನವೇ ಅವನು ಹೋಗುತ್ತಿದ್ದ.

ಅಟ್ಟದ ಕೆಳಗೆ ಕೂರಲು ಒಬ್ಬಳೂ ಒಪ್ಪಲಿಲ್ಲ. ವಿಜಯಮಹಾಂತೇಶ ಹಮಾಲರನ್ನು ಹಚ್ಚಿ ಚೀಲ ಇಳಿಸತೊಡಗಿದ. ಎಲ್ಲ ತಪ್ಪೂ ಬಡಿಗನ ಮೇಲೆ ಬಿದ್ದಿದ್ದರಿಂದ ಅವನಿಗೂ ಬೇಸರವಿರಲಿಲ್ಲ.

ಮರುದಿನ ಮುಂಜಾನೆ ಫೌಜದಾರರು ನನ್ನನ್ನು ಕರೆಸಿದರು. ಮೇಜಿನ ಮೇಲೆ ನನ್ನ ವರದಿ. ಎದುರಿನ ಬೆಂಚಿನ ಮೇಲೆ ಅಪ್ಪ, ಒಂದು ಕಣ್ಣು ಬಾತು ಮುಚ್ಚಿತ್ತು.

"ಮೇಡಂ, ನೀವು ಇವರ ಮಗಳಂತ. ಇದನ್ನ ಮೊದಲ ಹೇಳ್ಲಿಲ್ಲ. ಇಲ್ಲಿ ಬಿಳುಪು ಇಲ್ಲಂತ ನೀವು ಬರದೀರಿ. ಇತ್ತಂತ ಇವರು ಹೇಳಾಕತ್ತಾರ. ವಿಜಯಮಹಾಂತೇಶ ಅವರು ಬೆಳಿಗ್ಗೆ ಫೋನ್ ಮಾಡಿದ್ರು. ಒಂದ ತೊಲಿ ಇಳಿಸಿ ಕೆತ್ತಿಸಿ ನೋಡ್ಯಾರ, ಒಳಗೂ ಕೆಂಪ ಐತಂತ. ಯಜಮಾನ್ರಿಗೆ ತಲಿ ಕೆಟ್ಟೈತಿ ಅಂತಾರ. ನಿಮ್ಮ ರಿಪೋರ್ಟ ಖರೇ ಇದ್ರ ಉಳದ ಎರಡನ್ನ ಅಲ್ಲೇ ಬಿಟ್ಟು ಚೀಲಾ ಏರಸ್ತೇನಿ ಅಂತ ಕೇಳ್ಯಾರ. ಏನ ಹೇಳ್ಲಿ?"

ನಾನು ಅಪ್ಪನ ಕಡೆ ನೋಡಿದೆ. ಅವನ ತೆರೆದ ಕಣ್ಣು ನನ್ನ ಮೇಲೆಯೇ ಇತ್ತು. ಬಿಳುಪಿಲ್ಲ ಎಂದು ಒಂದು ಮಾತು ಹೇಳಿದರೆ ಅವನು ಈಗಲೇ ಮನೆಗೆ ಬರುತ್ತಾನೆ. ನಾಲ್ಕು ದಿನದಲ್ಲಿ ಹೆಂಗಸರು ಆ ಎರಡು ತೊಲೆಯ ಕೆಳಗೆ ಮತ್ತೆ ಬಂದು ಕೂರುತ್ತಾರೆ. ಗೋಡೆ, ಗೆರೆ ಎಂದು ನಿಜ ಹೇಳಿದರೆ, ಅಪ್ಪನನ್ನು ಬಿಡಿಸಲು ಮಗಳು ಕಟ್ಟಿದ ಕಥೆ ಅಂದಾರು.

"ಆ ರಿಪೋರ್ಟ ಸುಳ್ಳರಿ," ಅಂದೆ. "ಅಪ್ಪನ ಸಲುವಾಗಿ ಬರದಿದ್ದೆ. ಬಿಳುಪು ಇತ್ತು. ಕೆತ್ತಿದ್ರ ತಿಳಿಯೂದಿಲ್ಲ, ಬಣ್ಣ ಒಳಗಿನತನಕ ಇಳದಿರತೈತಿ. ಎಲ್ಲಾ ತೊಲಿ ಇಳಸಾಕ ಹೇಳ್ರಿ."

"ಬರದ ಕೊಡ್ತೀರಿ? ನೌಕರಿ ಹೋಗತೈತಿ, ನಿಮ್ಮ ಮ್ಯಾಲೂ ಕೇಸ್ ಆಗತೈತಿ."

ಬರೆದೆ. ಫಕ್ಕೀರಪ್ಪ ಬಡಿಗೇರ ಇವರು ಕೆಚ್ಚಿನ ಹೆಸರಿನಲ್ಲಿ ಬಿಳುಪನ್ನು ಉಪಯೋಗಿಸಿದ್ದು ನನ್ನ ಪರೀಕ್ಷೆಯಲ್ಲಿ ಕಂಡುಬಂದಿರುತ್ತದೆ. ಸಹಿ ಹಾಕದೆ ಹಾಳೆಯನ್ನು ಮೇಜಿನ ಆಚೆಗೆ ಸರಿಸಿದೆ. ಫೌಜದಾರರು ಅದನ್ನು ಅಪ್ಪನ ಎದುರಿಗೇ ಗಟ್ಟಿಯಾಗಿ ಓದಿದರು. ‘ಬಿಳುಪನ್ನು’ ಅನ್ನುವಲ್ಲಿ ಅವನು ಬೆಂಚಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡ. ಓದುವುದು ಮುಗಿಯುವವರೆಗೂ ಬಿಡಲಿಲ್ಲ.

"ಸಹಿ ಮಾಡವಾ," ಅಂದ.